ಸಾರಿನಪುಡಿಯ ದಾಸ್ತಾನು

ಹೊರನಾಡ ಕನ್ನಡಿಗರ ಬರಹಗಳನ್ನು, ಅದರಲ್ಲೂ ಸಂಘಗಳ ಬೆಳ್ಳಿಹಬ್ಬ ಚಿನ್ನದಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಬರುವಂಥವನ್ನು, ನಾನು ಬಹಳ ವರ್ಷಗಳಿಂದ ಓದಿಕೊಂಡು ಬಂದಿದ್ದೇನೆ. 1984ರಲ್ಲಿ ಬ್ಯಾಂಕಿಗೆ ಸೇರಿ 2021ರಲ್ಲಿ ನಿವೃತ್ತನಾಗುವವರೆಗೆ ಮುಂಬಯಿ, ಹೈದರಾಬಾದ್, ದೆಹಲಿ, ಪುಣೆ ಎಲ್ಲಾ ಸೇರಿ 22 ವರ್ಷ ರಾಜ್ಯದ ಹೊರಗಿದ್ದವನು. ಹೋದಲ್ಲೆಲ್ಲ ಸಂಘದ ಸದಸ್ಯನಾದೆ, ಸಂಚಿಕೆಗೆ ಜಾಹೀರಾತು ತಂದುಕೊಟ್ಟೆ, ಅಚ್ಚಾದ ಮೇಲೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಈ ಬರಹಗಳಲ್ಲಿ ಒಂದು ಡಬ್ಬ ತಪ್ಪದೆ ಬರುತ್ತದೆ. ಹಾರ್ಲಿಕ್ಸ್ ಬಾಟಲಿಯೋ ಡಾಲ್ಡಾ ಡಬ್ಬವೋ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅಥವಾ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನ ಕೆಳಗೆ ಕೂತು ಇಡೀ ಬೋಗಿಗೆ ಇಂಗಿನ ವಾಸನೆ ಹರಡುತ್ತದೆ. ಲೇಖಕರ ಕಣ್ಣು ತುಂಬುತ್ತದೆ. ಮುಂದಿನ ಸಾಲು ಏನೆಂದು ನೋಡದೆಯೇ ಹೇಳಬಹುದು: ‘ಇಲ್ಲಿ ನಮ್ಮ ಸಾಮಾನು ಯಾವುದೂ ಸಿಗುವುದಿಲ್ಲ.’

ಈ ಸಾಲಿನ ಮೇಲೆ ನನ್ನ ತಕರಾರಿದೆ. ಸಾರಿನಪುಡಿಯ ಮೇಲಲ್ಲ, ಸಾರಿಲ್ಲದೆ ನನಗೂ ಊಟ ಇಳಿಯುವುದಿಲ್ಲ. ತಕರಾರು ಆ ಡಬ್ಬದ ಬಗ್ಗೆ ನಾವು ಬರೆದುಕೊಂಡು ಬಂದಿರುವ ರೀತಿಯ ಮೇಲೆ. ಅಂಗಡಿಯಲ್ಲಿ ಇಲ್ಲ ಎಂದು ನಾವು ಬರೆಯುವುದರಲ್ಲಿ ಬಹುಪಾಲು ಅಂಗಡಿಯಲ್ಲಿ ಇತ್ತು. ನಿಜಕ್ಕೂ ಮುಗಿಯುತ್ತಾ ಬಂದಿದ್ದ ವಸ್ತು ಬೇರೆ ಇತ್ತು, ಅದನ್ನು ಯಾರೂ ಬರೆಯಲಿಲ್ಲ.

ಮೊದಲು ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಮುಂಬಯಿಯ ಲಾಲ್‌ಬಾಗಿನಲ್ಲಿ ಮಿರ್ಚಿ ಗಲ್ಲಿ ಅಂತ ಒಂದು ಗಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಕಾಲಿಟ್ಟರೆ ಸೀನು ಬಾರದೆ ಇರುವುದಿಲ್ಲ. ಗೋಣಿಚೀಲದ ಬಾಯಿ ಬಿಚ್ಚಿ ಸಾಲಾಗಿ ಇಟ್ಟಿರುತ್ತಾರೆ: ಗುಂಟೂರು, ಕಾಶ್ಮೀರಿ, ಪಾಂಡಿ, ಸಂಕೇಶ್ವರಿ, ಬೇಡ್ಗಿ. ಈ ಸಂಕೇಶ್ವರಿ ಎಂದರೆ ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತದ್ದು. ಬೇಡ್ಗಿ ಎಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿ, ಮೈಯೆಲ್ಲ ಸುಕ್ಕು, ಬಣ್ಣ ಹೆಚ್ಚು, ಖಾರ ಕಡಿಮೆ, ಡಬ್ಬಿ ಮತ್ತು ಕಡ್ಡಿ ಅಂತ ಎರಡು ಬಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮರಾಠಿ ಗೃಹಿಣಿ ಅದನ್ನು ಹೆಸರು ಹಿಡಿದು ಕೇಳಿ, ಬೆರಳಲ್ಲಿ ಮುರಿದು ನೋಡಿ, ಚೌಕಾಸಿ ಮಾಡಿ, ಅಲ್ಲೇ ಹುರಿಸಿ ಕುಟ್ಟಿಸಿಕೊಂಡು ಹೋಗುತ್ತಾಳೆ. ನಮ್ಮವರು ಮಾತ್ರ ಲಾಲ್‌ಬಾಗಿನಿಂದ ಎರಡು ಮೈಲಿ ದೂರದಲ್ಲಿ ಮನೆ ಮಾಡಿಕೊಂಡು, ಬ್ಯಾಡಗಿಯಿಂದ ಬೆಂಗಳೂರಿಗೆ ಹೋದ ಮೆಣಸಿನಕಾಯಿಯನ್ನು ಬೆಂಗಳೂರಿನಿಂದ ಮುಂಬಯಿಗೆ ಹೊತ್ತು ತರುತ್ತಿದ್ದರು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಒಂದೇ ಸರಕಿಗೆ ಎರಡು ಸಲ ಸಾಗಣೆ ವೆಚ್ಚ.

ಇನ್ನೊಂದು ವಿಷಯವೂ ಆ ಗಲ್ಲಿಯಲ್ಲಿ ಕಾಣುತ್ತದೆ. ವರ್ಷದ ಮಸಾಲೆಯನ್ನು ಮಳೆಗಾಲಕ್ಕೆ ಮುಂಚೆ ಮಾಡಿಟ್ಟುಕೊಳ್ಳುವುದು ಪರದೇಶಿಗಳ ಗೀಳಲ್ಲ, ಅಲ್ಲಿಯವರದೇ ಪದ್ಧತಿ. ಆಗರಿ, ಕೋಳಿ, ಮಾಲವಣಿ ಮನೆಗಳಲ್ಲಿ ಒಬ್ಬೊಬ್ಬರದು ಒಂದೊಂದು ಮಸಾಲೆ. ಮುಂಬಯಿಯ ಮೂಲನಿವಾಸಿ ಕ್ರೈಸ್ತರಾದ ಈಸ್ಟ್ ಇಂಡಿಯನ್ನರು ಮಾಡುವ ಮಸಾಲೆಗೆ ಹೆಸರೇ ಬಾಟಲಿ ಮಸಾಲೆ. ಕುಟ್ಟಿ ಬಾಟಲಿಗೆ ತುಂಬಿ ಗಟ್ಟಿಯಾಗಿ ಮುಚ್ಚಿ ವರ್ಷವಿಡೀ ಬಳಸುತ್ತಾರೆ. ಕಾರಣ ಸರಳ. ಹೊಸ ಮೆಣಸಿನಕಾಯಿ ಬರುವುದು ಆ ಹೊತ್ತಿಗೆ, ಬಿಸಿಲು ಇರುವುದು ಆ ಹೊತ್ತಿಗೆ, ಆಮೇಲೆ ನಾಲ್ಕು ತಿಂಗಳು ಏನೂ ಒಣಗುವುದಿಲ್ಲ. ನಮ್ಮ ಊರುಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಜೊತೆ ಪುಡಿಗಳೂ ಬೇಸಿಗೆಯಲ್ಲೇ ಆಗುತ್ತಿದ್ದುದು ಇದಕ್ಕೇ. ಹವೆಗಾಗಿ ಹುಟ್ಟಿದ ಒಂದು ಪದ್ಧತಿಯನ್ನು ನಮ್ಮ ಲೇಖಕರು ವಿರಹದ ಕುರುಹು ಮಾಡಿಬಿಟ್ಟರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಪಕ್ಕದ ಮನೆಯ ಹೆಂಗಸೂ ಅದೇ ತಿಂಗಳು ಅದೇ ಕೆಲಸ ಮಾಡುತ್ತಿದ್ದಳು ಎಂಬುದು ಅವರ ಬರಹಕ್ಕೆ ಬರುವುದೇ ಇಲ್ಲ.

ಹಾಗಾದರೆ ‘ಸಿಗುವುದಿಲ್ಲ’ ಎಂದು ಅಷ್ಟು ಜನ ಬರೆದದ್ದು ಸುಳ್ಳೇ? ಸುಳ್ಳಲ್ಲ. ಹೆಸರು ಸಿಗುತ್ತಿರಲಿಲ್ಲ. ಇದಕ್ಕೆ ಮರಾಠಿ ಮೊಗ್ಗಿಗಿಂತ ಒಳ್ಳೆಯ ಉದಾಹರಣೆ ಬೇಡ. ಬಿಸಿಬೇಳೆಬಾತಿನ ಪುಡಿಗೆ ಅದು ಬೇಕೇ ಬೇಕು. ಪುಣೆಗೆ ಬಂದ ಹೊಸತರಲ್ಲಿ ನನ್ನ ಹೆಂಡತಿ, ಮರಾಠಿ ನಾಡಿನಲ್ಲಿ ಮರಾಠಿ ಮೊಗ್ಗಿಗೇನು ಬರ ಅಂದುಕೊಂಡು, ಕಿರಾಣಿ ಅಂಗಡಿಗೆ ಹೋಗಿ ಧೈರ್ಯವಾಗಿ ಕೇಳಿದಳು. ಅಂಗಡಿಯವನು ಒಂದು ನಿಮಿಷ ಸುಮ್ಮನಿದ್ದು, ‘ಹೇ ಕಾಯ ಅಸತಂ ವಹಿನಿ?’ ಅಂದ. ಅದೇನು ಅತ್ತಿಗೆ ಅಂತ. ಹೊರಗೆ ಬಂದು ಇವಳು, ‘ರೀ, ಇವರಿಗೆ ಇವರ ಮೊಗ್ಗೇ ಗೊತ್ತಿಲ್ಲವಲ್ಲರೀ’ ಎಂದು ನಕ್ಕಳು. ಬೂರುಗದ ಜಾತಿಯ ಮರದ ಒಣಮೊಗ್ಗು ಅದು. ಕನ್ನಡಿಗರೂ ತೆಲುಗರೂ ಅದಕ್ಕೆ ಮರಾಠಿಗರ ಹೆಸರಿಟ್ಟಿದ್ದೇವೆ. ಮರಾಠಿಗರಿಗೆ ಅದರ ಸುದ್ದಿಯೇ ಇಲ್ಲ.

ಕಲ್ಲುಹೂವಿನದು ಇದಕ್ಕೆ ವಿರುದ್ಧವಾದ ಕತೆ. ಅದೂ ಸಿಗುವುದಿಲ್ಲ ಎಂಬ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು. ಮರಾಠಿಯಲ್ಲಿ ದಗಡ್ ಎಂದರೆ ಕಲ್ಲು, ಫೂಲ್ ಎಂದರೆ ಹೂವು. ದಗಡ್‌ಫೂಲ್ ಎಂದರೆ ಪುಣೆಯ ಯಾವ ಅಂಗಡಿಯವನೂ ಕಣ್ಣು ಮುಚ್ಚಿ ತೆಗೆದುಕೊಡುತ್ತಾನೆ. ದೆಹಲಿಯಲ್ಲಿ ಪತ್ಥರ್ ಕಾ ಫೂಲ್. ತಮಿಳರು ಹೂವು ಬಿಟ್ಟು ಪಾಚಿ ಎಂದರು, ಕಲ್‌ಪಾಸಿ. ವಸ್ತು ಒಂದೇ, ಶಿಲೀಂಧ್ರವೂ ಪಾಚಿಯೂ ಕೂಡಿ ಬದುಕುವ ಒಂದು ಜೀವ. ಹುಬ್ಬಳ್ಳಿ ಕಡೆಯವರ ಗುರೆಳ್ಳು, ಹಳೇ ಮೈಸೂರಿನವರ ಹುಚ್ಚೆಳ್ಳು, ಮರಾಠಿಯಲ್ಲಿ ಕಾರಳೆ. ಅದರ ಚಟ್ನಿ ಅವರಲ್ಲೂ ಉಂಟು. ಕರಾವಳಿಯ ಮೀನಿನ ಸಾರಿಗೆ ಬೀಳುವ ಜುಮ್ಮನಕಾಯಿ ಕೊಂಕಣದ ತಿರಫಳ. ಒಂದು ಭಾಷೆ ಬಾರದಿದ್ದರೆ ಅರ್ಧ ಅಂಗಡಿ ಖಾಲಿಯಾಗಿ ಕಾಣುತ್ತದೆ. ಭಾಷೆ ಕಲಿತವರಿಗೆ ಆರು ತಿಂಗಳಲ್ಲಿ ಅಂಗಡಿ ತುಂಬುತ್ತಿತ್ತು. ಅಕ್ಕಪಕ್ಕದವರನ್ನು ಕೇಳಿದ್ದರೆ ಆರು ದಿನವೂ ಬೇಕಿರಲಿಲ್ಲ. ಕೇಳಲಿಲ್ಲ ಅನ್ನುವುದು ಈ ಪ್ರಬಂಧಗಳು ತಮಗೇ ಅರಿವಿಲ್ಲದೆ ಕೊಡುವ ಸಾಕ್ಷ್ಯ. ಹತ್ತು ಪುಟದ ಬರಹದಲ್ಲಿ ಒಬ್ಬ ಸ್ಥಳೀಯರ ಅಡುಗೆಮನೆಯೂ ಬರುವುದಿಲ್ಲ ನೋಡಿ.

ನಿಜವಾದ ಕೊರತೆಗಳು ಇಲ್ಲವೆಂದಲ್ಲ. ಅವು ಬಂದಾಗ ಹಾಸನಕ್ಕೂ ಬಂದವು, ದೆಹಲಿಗೂ ಬಂದವು. 2018ರ ಪ್ರವಾಹ ಕೇರಳದ ಏಲಕ್ಕಿ ತೋಟಗಳನ್ನು ಹಾಳುಮಾಡಿತು, ಮರುವರ್ಷ ಮಳೆ ಕೈಕೊಟ್ಟಿತು. 2019ರ ಆಗಸ್ಟಿನಲ್ಲಿ ಹರಾಜಿನಲ್ಲಿ ಏಲಕ್ಕಿ ಕಿಲೋಗೆ 7,000 ರೂಪಾಯಿವರೆಗೆ ಹೋಯಿತು. 2023ರಲ್ಲಿ ಗುಜರಾತಿನ ಊಂಝಾದಲ್ಲಿ ಜೀರಿಗೆ ಕ್ವಿಂಟಾಲಿಗೆ 50,000 ದಾಟಿತು. ಗಸಗಸೆಯ ಬೇಸಾಯಕ್ಕೆ ಸರ್ಕಾರದ ಪರವಾನಗಿ ಬೇಕು, ಬೇಡಿಕೆಯ ದೊಡ್ಡ ಪಾಲು ಟರ್ಕಿ ಮುಂತಾದ ದೇಶಗಳಿಂದ ಬರಬೇಕು, ಆಮದಿನ ಕರಾರನ್ನು ಗ್ವಾಲಿಯರಿನಲ್ಲಿರುವ ಮಾದಕವಸ್ತು ಇಲಾಖೆಯಲ್ಲಿ ನೋಂದಾಯಿಸಬೇಕು. ಆ ಕಾಗದಪತ್ರ ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಮನೆಯ ಗಸಗಸೆ ಪಾಯಸಕ್ಕೂ ನಮ್ಮ ಮನೆಯದಕ್ಕೂ ಒಟ್ಟಿಗೇ ಕುತ್ತು. ಇಂಗಂತೂ ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳದು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಗಿಡ ನೆಟ್ಟದ್ದೇ 2020ರ ಅಕ್ಟೋಬರಿನಲ್ಲಿ. ಊರಿನ ಇಂಗು ಎಂದು ನಾವು ಕೊಂಡಾಡುವುದಕ್ಕೆ ಯಾವ ಊರು ಎಂದು ಕೇಳಬೇಕು.

ಕೊರತೆ ಎಂದು ನಾವು ಅಳುತ್ತಿರುವ ಮೆಣಸಿನಕಾಯಿಯ ಕತೆ ಎಲ್ಲಿಗೆ ಬಂತು? 2024ರ ಮಾರ್ಚ್ ತಿಂಗಳಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಚೀಲಗಳ ಮೇಲೆ ಚೀಲ ಬಂದು ಬಿತ್ತು, ಬೆಲೆ ಕುಸಿಯಿತು. ರೈತರು ರೊಚ್ಚಿಗೆದ್ದರು, ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ನಮ್ಮ ಡಬ್ಬದ ಪ್ರಬಂಧಗಳಲ್ಲಿ ಬ್ಯಾಡಗಿಯ ಕೆಂಪು ಬಣ್ಣ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಬ್ಯಾಡಗಿಯ ರೈತ ಒಂದು ಸಲವೂ ಬರುವುದಿಲ್ಲ.

ಒಂದು ಮಾತು ಒಪ್ಪಬೇಕು. 2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆಲ್ಲ ಬಾಗಿಲು ಹಾಕಿದಾಗ ದಾಸ್ತಾನು ಇಟ್ಟವರ ಮನೆಯಲ್ಲಿ ಸಾರು ನಿಲ್ಲಲಿಲ್ಲ. ಪುಣೆಯಲ್ಲಿ ನಮ್ಮ ಬೀದಿಯ ಅಂಗಡಿ ಬೆಳಿಗ್ಗೆ ಎರಡು ಗಂಟೆ ತೆರೆಯುತ್ತಿತ್ತು; ಅಕ್ಕಿ, ಬೇಳೆ, ಎಣ್ಣೆ ಬರುತ್ತಿತ್ತು, ಮಸಾಲೆಯ ಕಪಾಟು ಮೂರು ವಾರ ಬರಿದಾಗಿಯೇ ಇತ್ತು. ಡಬ್ಬದ ಪಕ್ಷದವರು ಆಗ ಮೀಸೆ ತಿರುವಿದರು. ತಿರುವಲಿ. ಆದರೆ ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬರುವ ವಿಪತ್ತಿಗಾಗಿ ಪ್ರತಿ ವರ್ಷ ನಾಲ್ಕು ಕಿಲೋ ಪುಡಿ ಇಡುವುದನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ನಾನು ಸಾಲದ ವಿಭಾಗದಲ್ಲಿ ಹೆಚ್ಚು ಕೆಲಸ ಮಾಡಿದವನು, ಆದ್ದರಿಂದ ದಾಸ್ತಾನನ್ನು ನೋಡುವ ಕಣ್ಣು ಬೇರೆ. ಧಾನ್ಯ ಕೂಡಿಟ್ಟು ಬೆಲೆ ಏರಿಸುವವರಿಗೆ ಬ್ಯಾಂಕಿನ ಹಣ ಸಿಗದಿರಲಿ ಎಂದು ರಿಸರ್ವ್ ಬ್ಯಾಂಕು 1956ರಲ್ಲೇ ಆಯ್ದ ಸರಕುಗಳ ಸಾಲಕ್ಕೆ ಕಡಿವಾಣ ಹಾಕಿತ್ತು. ಆ ನಿಯಮಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು ನಾವು. ಗೋಡೌನ್ ತಪಾಸಣೆಗೆ ಹೋದಾಗ ಮೊದಲು ನೋಡುವುದು ಚೀಲ ಎಷ್ಟಿದೆ ಎಂದಲ್ಲ, ಹಿಂದಿನ ಸಾಲಿನ ಚೀಲ ಎಷ್ಟು ದಿನದಿಂದ ಅಲುಗಿಲ್ಲ ಎಂದು. ಅಲುಗದ ಮಾಲಿನ ಮೇಲೆ ಸಾಲ ಕೊಡುವುದಿಲ್ಲ. ಈಗ ಯಾವುದಾದರೂ ಹೊರನಾಡ ಕನ್ನಡಿಗರ ಅಡುಗೆಮನೆಯ ಕೆಳಗಿನ ಕಪಾಟು ತೆಗೆಯಿರಿ. ಮುಂದುಗಡೆ ಈ ವರ್ಷದ ಡಬ್ಬ. ಹಿಂದೆ ಹೋದ ವರ್ಷದ್ದು. ಅದರ ಹಿಂದೆ, ಬಿಳಿ ಪಟ್ಟಿ ಅಂಟಿಸಿ ‘ವಾಂಗೀಬಾತ್ ಪುಡಿ, ಗೌರಿ ಹಬ್ಬ’ ಎಂದು ಬರೆದದ್ದು. ಯಾವ ಗೌರಿ ಹಬ್ಬ ಎಂದು ಗೌರಮ್ಮನಿಗೇ ಗೊತ್ತು. ಮೊದಲು ಬಂದದ್ದು ಮೊದಲು ಖರ್ಚಾಗಬೇಕು ಎಂಬ ಲೆಕ್ಕಶಾಸ್ತ್ರದ ನಿಯಮ ಇಲ್ಲಿ ತಲೆಕೆಳಗು. ಹೊಸ ಡಬ್ಬದ ಘಮ ಎಳೆಯುತ್ತದೆ, ಹಳೆಯದನ್ನು ಚೆಲ್ಲಲು ಮನಸ್ಸು ಬಾರದು.

ಚೆಲ್ಲುವಂಥದ್ದೇ ಅದು. ಮಸಾಲೆಯ ಘಮವೆಲ್ಲ ಆರಿಹೋಗುವ ಎಣ್ಣೆಯಲ್ಲಿದೆ. ಇಡಿಯಾಗಿದ್ದಾಗ ಆ ಎಣ್ಣೆ ಸಿಪ್ಪೆಯ ಒಳಗೆ ಭದ್ರ, ಪುಡಿಯಾದ ಕೂಡಲೇ ಗಾಳಿಗೆ ಬೀಳುತ್ತದೆ. ಮುಂಬಯಿಯ ಜುಲೈ ತಿಂಗಳ ತೇವದಲ್ಲಿ ಪುಡಿ ಗಂಟು ಕಟ್ಟುತ್ತದೆ, ಕೊತ್ತಂಬರಿ ಇದ್ದಲ್ಲಿ ಹುಳ ಬೀಳುತ್ತದೆ. ಇಡೀ ಧನಿಯಾ, ಇಡೀ ಮೆಣಸಿನಕಾಯಿ ತಂದಿಟ್ಟುಕೊಂಡು ಎರಡು ತಿಂಗಳಿಗೊಮ್ಮೆ ಪುಡಿ ಮಾಡಿಕೊಂಡರೆ ರುಚಿಯೂ ಉಂಟು, ಉಳಿತಾಯವೂ ಉಂಟು. ಇದನ್ನು ಹೇಳಿದರೆ, ‘ಅಮ್ಮನ ಕೈಯ ಪುಡಿ ಹಾಗೆ ಬರುತ್ತದೆಯೇ?’ ಎನ್ನುತ್ತಾರೆ.

ಇದೇ ನನ್ನ ಮುಖ್ಯ ತಕರಾರಿನ ಜಾಗ. ಅಮ್ಮನ ಕೈ ಎಂಬ ಮಾತು ಪ್ರತಿ ಪ್ರಬಂಧದಲ್ಲೂ ಇದೆ. ಆ ಕೈ ಏನು ಮಾಡಿತು, ಎಷ್ಟು ಹೊತ್ತು ಮಾಡಿತು, ಎಷ್ಟು ವಯಸ್ಸಿನಲ್ಲಿ ಮಾಡಿತು ಎಂಬುದು ಒಂದರಲ್ಲೂ ಇಲ್ಲ.

ನಮ್ಮ ಅತ್ತೆಯವರು ಹಾಸನದಲ್ಲಿದ್ದರು. ನಾಲ್ವರು ಮಕ್ಕಳು, ಮುಂಬಯಿ, ಚೆನ್ನೈ, ದೆಹಲಿ, ಬೆಂಗಳೂರು ಅಂತ ಚದುರಿಹೋಗಿದ್ದರು. ಯುಗಾದಿ ಕಳೆದ ಕೂಡಲೇ ನಾಲ್ಕು ಕಡೆಯಿಂದ ಪಟ್ಟಿ ಬರುತ್ತಿತ್ತು. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಒಂದು ವರ್ಷ ನಾನು ರಜೆಯಲ್ಲಿ ಅಲ್ಲೇ ಇದ್ದೆ, ಎಲ್ಲ ಕೂಡಿಸಿ ನೋಡಿದೆ: 11 ಕಿಲೋ. ಮೆಣಸಿನಕಾಯಿಯ ತೊಟ್ಟು ಬಿಡಿಸುವುದೇ ಎರಡು ದಿನ. ಮಾಳಿಗೆಯ ಮೇಲೆ ಮೂರು ಬಿಸಿಲು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಮೆಣಸಿನಕಾಯಿಗೆ ಒಂದು ತೊಟ್ಟು ಹರಳೆಣ್ಣೆ. ಆ ಘಾಟು ಪಕ್ಕದ ಮನೆಯವರನ್ನೂ ಕೆಮ್ಮಿಸುತ್ತಿತ್ತು. ಮಿಲ್ಲಿನಲ್ಲಿ ಸರದಿ, ಹಿಂದಿನವರು ರಾಗಿ ಹಾಕಿಸಿದ್ದರೆ ಆಮೇಲೆ ನಮ್ಮದನ್ನು ಹಾಕಿಸುವಂತಿಲ್ಲ, ಯಾರಾದರೂ ಖಾರದಪುಡಿಗೆ ಬರುವವರೆಗೆ ಕಾಯಬೇಕು. ಮನೆಗೆ ತಂದು ಪೇಪರಿನ ಮೇಲೆ ಹರಡಿ ಆರಿಸಿ, ಜರಡಿ ಹಿಡಿದು, ನಾಲ್ಕು ಪಾಲು. ಒಟ್ಟು ಒಂಬತ್ತು ದಿನದ ಕೆಲಸ. ಆಗ ಅವರಿಗೆ 74 ವರ್ಷ, ಉಬ್ಬಸ. ಈ ಒಂಬತ್ತು ದಿನ ಯಾವ ಬರಹದಲ್ಲಿದೆ ತೋರಿಸಿ. ಡಬ್ಬ ರೈಲು ಹತ್ತಿದ ಮೇಲೆಯೇ ನಮ್ಮ ಸಾಹಿತ್ಯ ಶುರುವಾಗುವುದು.

2012ರಲ್ಲಿ ನನ್ನ ಹೆಂಡತಿ, ಈ ಸಲ ಪುಡಿ ಬೇಡ, ಅಳತೆ ಕೊಡು ಎಂದು ತಾಯಿಯನ್ನು ಕೇಳಿದಳು. ‘ಅಳತೆ ಏನೇ ಅದಕ್ಕೆ, ಕಣ್ಣಂದಾಜು ಕಣೇ’ ಎಂದರು. ಇವಳು ಬಿಡಲಿಲ್ಲ, ತಕ್ಕಡಿ ಇಟ್ಟುಕೊಂಡು ಎರಡು ದಿನ ಪಕ್ಕದಲ್ಲಿ ಕೂತಳು. ಒಂದು ಕಿಲೋ ಮೆಣಸಿನಕಾಯಿಗೆ ಒಂದು ಕಿಲೋ ಧನಿಯಾ, ಜೀರಿಗೆ 200 ಗ್ರಾಂ, ಕರಿಮೆಣಸು 100 ಎಂದೆಲ್ಲ ಬರೆದುಕೊಂಡಳು. ಮೆಂತ್ಯಕ್ಕೆ ಬಂದಾಗ ಅತ್ತೆಯವರು ಒಂದು ಬೊಗಸೆ ಹಾಕಿದರು, ತೂಗಿದರೆ ಬಹಳ ಕಡಿಮೆ ಬಂತು. ಇವಳು ತನ್ನ ಬೊಗಸೆಯಲ್ಲಿ ಹಿಡಿದು ತೂಗಿದರೆ ಸುಮಾರು ಒಂದೂವರೆಯಷ್ಟು. ಸಂಧಿವಾತದಿಂದ ಅವರ ಬೆರಳು ಮಡಚಿಕೊಂಡು ಬೊಗಸೆಯೇ ಚಿಕ್ಕದಾಗಿತ್ತು. ಅಂದರೆ ಎಷ್ಟೋ ವರ್ಷದಿಂದ ಪುಡಿ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಬಂದಿತ್ತು. ನಾಲ್ಕು ನಗರಗಳಲ್ಲಿ ನಾಲ್ಕು ಸಂಸಾರ ಅದನ್ನು ಉಂಡು, ‘ಅದೇ ರುಚಿ, ಅದೇ ಘಮ’ ಎನ್ನುತ್ತಿತ್ತು. ಕೈಯ ಪುಡಿಯನ್ನು ಹೊಗಳುವವರು ಕೈಯನ್ನು ನೋಡಿರಲಿಲ್ಲ.

ಅತ್ತೆಯವರು 2016ರಲ್ಲಿ ಹೋದರು. ಅವರು ಕಳಿಸಿದ ಕೊನೆಯ ಡಬ್ಬ ದೆಹಲಿಯಲ್ಲಿ ನನ್ನ ಭಾವಮೈದುನನ ಮನೆಯ ಫ್ರಿಜ್ಜಿನಲ್ಲಿ ಎರಡು ವರ್ಷ ಇತ್ತು. ಬಳಸಲು ಯಾರಿಗೂ ಧೈರ್ಯವಿಲ್ಲ, ಬಳಸಿದರೆ ಮುಗಿದುಹೋಗುತ್ತದೆ. ಸ್ಮರಣ ಸಂಚಿಕೆಯ ಪ್ರಬಂಧ ಇಲ್ಲಿಗೆ ಬಂದು ನಿಂತು ಕಣ್ಣೊರೆಸಿಕೊಳ್ಳುತ್ತದೆ. ನಾನು ಮುಂದಿನದನ್ನು ಹೇಳುತ್ತೇನೆ. ಅದು ಬಣ್ಣಗೆಟ್ಟು ಮಣ್ಣಿನ ಹಾಗಾಗಿತ್ತು; ಒಂದು ಭಾನುವಾರ ಅವನ ಹೆಂಡತಿ ಫೋನು ಮಾಡಿ ಅಳತೆ ಬರೆದುಕೊಂಡಳು, ಖಾರಿ ಬಾವಲಿಗೆ ಹೋಗಿ ಸಾಮಾನು ತಂದಳು. ಫತೇಪುರಿ ಮಸೀದಿಯ ಪಕ್ಕದ ಆ ಬೀದಿಯಲ್ಲಿ ದೇಶದ ಯಾವ ಮಸಾಲೆಯೂ ಸಿಗದೆ ಇರುವುದಿಲ್ಲ.

ಇಲ್ಲಿ ತಮಿಳರ ಒಂದು ಪುಸ್ತಕ ನೆನಪಾಗುತ್ತದೆ. ಎಸ್. ಮೀನಾಕ್ಷಿ ಅಮ್ಮಾಳ್ ಎಂಬ ಹೆಂಗಸು 1951ರಲ್ಲಿ ‘ಸಮೈತ್ತು ಪಾರ್’ ಎಂಬ ಪಾಕಪುಸ್ತಕ ತಂದರು; ಹೆಸರಿನ ಅರ್ಥ ಅಡುಗೆ ಮಾಡಿ ನೋಡು. ಹಿರಿಯರು ಪಕ್ಕದಲ್ಲಿಲ್ಲದ ಹೊಸ ಗೃಹಿಣಿಯ ಕೈಗೆ ಕೊಡುವಂತೆ, ಇಷ್ಟು ಜನಕ್ಕೆ ಇಷ್ಟು ಎಂದು ಅಳತೆ ಸಮೇತ ಬರೆದದ್ದು. ಇಂದಿಗೂ ಮದುವೆಯಾದ ಹೆಣ್ಣಿಗೆ ಅದನ್ನು ಉಡುಗೊರೆ ಕೊಡುವ ಮನೆಗಳಿವೆ. ಕನ್ನಡಕ್ಕೆ ಪಾಕಶಾಸ್ತ್ರ ಹೊಸದಲ್ಲ. 1025ರ ಹೊತ್ತಿಗೇ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯವಿದೆ, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದ. (ಇಬ್ಬರಿಗೂ ಮೆಣಸಿನಕಾಯಿ ಗೊತ್ತಿಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಆಮೇಲೆ ಬಂದದ್ದು. ನಮ್ಮ ತವರಿನ ಕುರುಹಾದ ಬ್ಯಾಡಗಿಯೇ ಹೊರನಾಡಿನದು.) ಈಚಿನ ಪಾಕಪುಸ್ತಕಗಳೂ ಬೇಕಾದಷ್ಟಿವೆ. ಆದರೆ ಹೊರಗೆ ಹೋಗುವ ಮಗಳ ಕೈಗೆ ನಾವು ಪುಸ್ತಕ ಇಡಲಿಲ್ಲ, ಡಬ್ಬ ಇಟ್ಟೆವು. ಡಬ್ಬ ಮುಗಿಯುತ್ತದೆ, ಮತ್ತೆ ಕೇಳಬೇಕು, ಮತ್ತೆ ಯಾರೋ ಹುರಿಯಬೇಕು. ಆ ಅವಲಂಬನೆಗೆ ನಾವು ಪ್ರೀತಿ ಎಂದು ಹೆಸರಿಟ್ಟೆವು. ಪ್ರೀತಿ ಅದರಲ್ಲಿ ಇರಲಿಲ್ಲ ಎಂದು ನಾನು ಹೇಳಲಾರೆ. ಊರಿನಲ್ಲಿರುವ ನಿಮ್ಮ ಪಾಲೂ ಇದರಲ್ಲಿದೆ. ‘ಪಾಪ, ಅಲ್ಲಿ ಏನು ಸಿಗುತ್ತೆ’ ಎಂದು ಮೊದಲು ಹೇಳಿದವರು ನಾವಲ್ಲ, ನೀವು. ಡಬ್ಬ ಕಟ್ಟಿಕೊಡುವಾಗ ಅಳತೆಯನ್ನು ಬರೆದುಕೊಟ್ಟರೆ ಮಗಳು ಮುಂದಿನ ವರ್ಷ ಬರುವುದಿಲ್ಲವೇನೋ ಎಂಬ ಅಂಜಿಕೆ ಕೆಲವು ತಾಯಂದಿರಲ್ಲಿ ಇದ್ದದ್ದನ್ನು ನಾನು ಕಂಡಿದ್ದೇನೆ.

ಕಂಪನಿಯ ಪುಡಿಯ ಬಗ್ಗೆ ಎರಡೇ ಮಾತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಗೆ ಕಡಿವಾಣ ಬಿದ್ದು ನಷ್ಟವಾದಾಗ ಎಂಟಿಆರ್‌ನವರು ಪೊಟ್ಟಣದ ಪುಡಿಗಳ ಕಡೆ ತಿರುಗಿದರು. 2007ರಲ್ಲಿ ಆ ಪೊಟ್ಟಣದ ವ್ಯಾಪಾರ ನಾರ್ವೆಯ ಕಂಪನಿಯೊಂದರ ಕೈಗೆ ಹೋಯಿತು. ಈಗ ಪುಣೆಯಲ್ಲಿ ಫೋನು ಒತ್ತಿದರೆ ಪುಳಿಯೋಗರೆ ಪುಡಿ ಅರ್ಧ ಗಂಟೆಯೊಳಗೆ ಬಾಗಿಲಿಗೆ ಬರುತ್ತದೆ. ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಅದರಲ್ಲೇ ಸುಖವಾಗಿದ್ದಾರೆ, ಡಬ್ಬದ ಬಗ್ಗೆ ಪ್ರಬಂಧ ಬರೆಯುತ್ತಿಲ್ಲ. ಅವರನ್ನು ಬೈಯುವ ಬರಹಗಳು ಮಾತ್ರ ಸಂಚಿಕೆಗಳಲ್ಲಿ ಬರತೊಡಗಿವೆ.

ನಿವೃತ್ತಿಯ ನಂತರ ನಾವು ಪುಣೆಯಲ್ಲೇ ಉಳಿದೆವು. ಏಪ್ರಿಲ್ ಬಂದರೆ ನನ್ನ ಹೆಂಡತಿ, ಮೇಲಿನ ಮನೆಯ ಮರಾಠಿ ಅಮ್ಮ ಇಬ್ಬರೂ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಒಂದೇ ರಿಕ್ಷಾದಲ್ಲಿ ಹೋಗುತ್ತಾರೆ. ಬ್ಯಾಡಗಿಯನ್ನು ಇಬ್ಬರೂ ಮುರಿದು ನೋಡುತ್ತಾರೆ, ಬೆಲೆ ಮಾತಾಡುವುದು ಅವರು. ಕಲ್ಲುಹೂವನ್ನು ಒಟ್ಟಿಗೆ ಕಾಲು ಕಿಲೋ ತಂದು ಹಂಚಿಕೊಳ್ಳುತ್ತಾರೆ. ಅವರ ಗೋಡಾ ಮಸಾಲೆಗೂ ಅದು ಬೇಕು. ಮರಾಠಿ ಮೊಗ್ಗು ಮಾತ್ರ ಈಗಲೂ ಯಾರಾದರೂ ಹಾಸನದಿಂದ ತರಬೇಕು.